ಎವೊರಾ ಜಿಗಿದ ದೂರ: ಪೋರ್ಚುಗಲ್ ಚಿನ್ನದ ಹಿಂದಿನ ಪೌರತ್ವದ ಕತೆ

2008ರ ಆಗಸ್ಟ್ 21ರಂದು ಬೀಜಿಂಗ್‌ನ ‘ಹಕ್ಕಿಗೂಡು’ ಕ್ರೀಡಾಂಗಣದಲ್ಲಿ ಒಲಿಂಪಿಕ್ಸ್ ಪುರುಷರ ಟ್ರಿಪಲ್ ಜಂಪ್ ಫೈನಲ್ ನಾಲ್ಕನೆಯ ಸುತ್ತಿಗೆ ಬಂದಾಗ ಮುಂದಿದ್ದವರು ಬ್ರಿಟನ್ನಿನ ಫಿಲಿಪ್ಸ್ ಇಡೊವು. ಅವರು ದಾಟಿದ್ದ ದೂರ 17.62 ಮೀಟರ್. ಅದೇ ಸುತ್ತಿನಲ್ಲಿ ಪೋರ್ಚುಗಲ್‌ನ ನೆಲ್ಸನ್ ಎವೊರಾ 17.67 ಮೀಟರ್ ಜಿಗಿದರು. ಉಳಿದ ಎರಡು ಸುತ್ತುಗಳಲ್ಲಿ ಈ ಐದು ಸೆಂಟಿಮೀಟರ್ ಅಂತರವನ್ನು ಅಳಿಸಲು ಯಾರಿಂದಲೂ ಆಗಲಿಲ್ಲ. ಬಹಾಮಾಸ್‌ನ ಲೀವನ್ ಸ್ಯಾಂಡ್ಸ್ 17.59 ಮೀಟರ್‌ನೊಂದಿಗೆ ಕಂಚಿಗೆ ತೃಪ್ತರಾದರು.

ಪೋರ್ಚುಗಲ್ ಪಾಲಿಗೆ ಅದು ಒಲಿಂಪಿಕ್ಸ್ ಇತಿಹಾಸದ ನಾಲ್ಕನೆಯ ಚಿನ್ನ. ಅದಕ್ಕೂ ಮೊದಲಿನ ಮೂರೂ ದೂರದ ಓಟದಲ್ಲಿ ಬಂದಂಥವು. 1984ರ ಲಾಸ್ ಏಂಜಲೀಸ್ ಮ್ಯಾರಥಾನ್‌ನಲ್ಲಿ ಕಾರ್ಲೋಸ್ ಲೋಪೆಸ್, 1988ರ ಸೋಲ್ ಮ್ಯಾರಥಾನ್‌ನಲ್ಲಿ ರೋಸಾ ಮೋಟಾ, 1996ರ ಅಟ್ಲಾಂಟಾದಲ್ಲಿ 10 ಸಾವಿರ ಮೀಟರ್ ಓಟದ ಫರ್ನಾಂಡಾ ರಿಬೇರೊ ಆ ಚಿನ್ನಗಳನ್ನು ತಂದಿದ್ದರು. ಜಿಗಿತಕ್ಕೆ ಒಲಿಂಪಿಕ್ಸ್ ಚಿನ್ನ ದೊರೆತದ್ದು ಅದೇ ಮೊದಲು. ಅದನ್ನು ತಂದಾತ ಹುಟ್ಟಿದ್ದು ಪೋರ್ಚುಗಲ್‌ನಲ್ಲಲ್ಲ. ಹದಿನೆಂಟು ತುಂಬುವವರೆಗೆ ಅವರು ಆ ದೇಶದ ಪೌರರೂ ಆಗಿರಲಿಲ್ಲ. ಎವೊರಾ ಅವರ ಎರಡು ದಶಕಗಳ ಕ್ರೀಡಾಬದುಕು ದೂರವನ್ನು ಅಳೆಯುವ ಟೇಪಿನ ಕತೆಯಷ್ಟೇ ಆಗಿ ಉಳಿಯದಿರುವುದಕ್ಕೆ ಇದೇ ಕಾರಣ. ಒಬ್ಬ ಕ್ರೀಡಾಪಟು ಯಾವಾಗ ಒಂದು ದೇಶದವನಾಗುತ್ತಾನೆ ಎಂಬ ಪ್ರಶ್ನೆ ಆ ಬದುಕಿನ ಆರಂಭದಿಂದ ಕೊನೆಯವರೆಗೂ ಅವರ ಜತೆಗೇ ನಡೆದು ಬಂದಿದೆ.

ಒಂದೇ ಕಟ್ಟಡದ ನೆರೆಹೊರೆ

ಎವೊರಾ ಹುಟ್ಟಿದ್ದು 1984ರ ಏಪ್ರಿಲ್ 20ರಂದು, ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ. ತಂದೆ ಕೇಪ್ ವರ್ಡ್ ದ್ವೀಪಗಳ ಮೂಲದವರು. ಅಟ್ಲಾಂಟಿಕ್ ಸಾಗರದ ಈ ಪುಟ್ಟ ದ್ವೀಪಸಮೂಹ 1975ರವರೆಗೆ ಪೋರ್ಚುಗಲ್‌ನ ವಸಾಹತಾಗಿತ್ತು. ಮಳೆ ಕಡಿಮೆ, ಬೆಳೆಯೂ ಕಡಿಮೆ. ಹೊಟ್ಟೆಪಾಡಿಗಾಗಿ ಗುಳೆ ಹೋಗುವುದು ಅಲ್ಲಿನ ಜನರಿಗೆ ತಲೆಮಾರುಗಳಿಂದ ರೂಢಿಯಾಗಿತ್ತು. ಹಾಗೆ ಹೊರಟವರಲ್ಲಿ ಬಹಳಷ್ಟು ಜನ ಸೇರಿದ್ದು ಲಿಸ್ಬನ್ ಸುತ್ತಲಿನ ಉಪನಗರಗಳನ್ನು. ಎವೊರಾ ಕುಟುಂಬವೂ ಮಗ ಇನ್ನೂ ಶಾಲೆಗೆ ಹೋಗುವ ವಯಸ್ಸಿನಲ್ಲಿದ್ದಾಗಲೇ ಲಿಸ್ಬನ್ ಪಕ್ಕದ ಒಡಿವೆಲಾಸ್‌ಗೆ ಬಂದು ನೆಲೆಸಿತು.

ಆ ಕುಟುಂಬ ವಾಸವಿದ್ದ ಕಟ್ಟಡದಲ್ಲೇ ಜೊವಾವ್ ಗಾನ್ಸೊ ಎಂಬ ಹಳೆಯ ಹೈಜಂಪ್ ಪಟು ಇದ್ದರು. ಪೋರ್ಚುಗಲ್‌ನಲ್ಲಿ ಮೊಟ್ಟಮೊದಲು 2 ಮೀಟರ್ ಎತ್ತರ ದಾಟಿದ ಹೆಗ್ಗಳಿಕೆ ಅವರದು. ಮೈದಾನ ಬಿಟ್ಟ ಮೇಲೆ ಕೋಚ್ ಆಗಿದ್ದ ಗಾನ್ಸೊ, ನೆರೆಮನೆಯ ಹುಡುಗನ ಕಾಲುಗಳಲ್ಲಿನ ಪುಟಿತವನ್ನು ಗುರುತಿಸಿ ತರಬೇತಿಗೆ ಕರೆದೊಯ್ದರು. ಪ್ರತಿಭಾ ಶೋಧದ ಯಾವ ಸರ್ಕಾರಿ ಯೋಜನೆಯೂ ಇಲ್ಲಿ ಕೆಲಸ ಮಾಡಲಿಲ್ಲ. ಕೆಲಸ ಮಾಡಿದ್ದು ನೆರೆಹೊರೆಯ ಸಹವಾಸ. ಬಾಲ್ಯದಲ್ಲಿ ಹೀಗೆ ಆರಂಭವಾದ ಗುರುಶಿಷ್ಯ ಸಂಬಂಧ 2016ರವರೆಗೂ ಮುಂದುವರಿಯಿತು. ವಿಶ್ವ ಪ್ರಶಸ್ತಿ, ಒಲಿಂಪಿಕ್ಸ್ ಚಿನ್ನ, ಎರಡು ಬಾರಿಯ ಮೂಳೆ ಮುರಿತ, ಅವುಗಳಿಂದ ಚೇತರಿಕೆ ಎಲ್ಲವೂ ಈ ಅವಧಿಯಲ್ಲೇ ನಡೆದವು.

ಆದರೆ ಕಾನೂನಿನ ಕಣ್ಣಿನಲ್ಲಿ ಹುಡುಗ ಹೊರಗಿನವನೇ ಆಗಿದ್ದ. 1981ರಲ್ಲಿ ಜಾರಿಗೆ ಬಂದ ಪೋರ್ಚುಗಲ್‌ನ ಪೌರತ್ವ ಕಾನೂನು ಹುಟ್ಟಿದ ನೆಲಕ್ಕಿಂತ ರಕ್ತಸಂಬಂಧಕ್ಕೆ ಹೆಚ್ಚಿನ ಬೆಲೆ ಕೊಟ್ಟಿತು. ವಲಸೆ ಬಂದವರ ಮಕ್ಕಳು ಅಲ್ಲಿಯೇ ಓದಿ, ಅಲ್ಲಿಯ ಭಾಷೆಯನ್ನೇ ಆಡಿ ಬೆಳೆದರೂ ಪೌರತ್ವ ತಾನಾಗಿ ಬರುತ್ತಿರಲಿಲ್ಲ. ಹೀಗಾಗಿ ಒಡಿವೆಲಾಸ್‌ನಲ್ಲಿ ಬೆಳೆದ ಎವೊರಾ ಆರಂಭದಲ್ಲಿ ಸ್ಪರ್ಧಿಸಿದ್ದು ಕೇಪ್ ವರ್ಡ್ ಹೆಸರಿನಲ್ಲಿ. ಲಾಂಗ್ ಜಂಪ್ ಮತ್ತು ಟ್ರಿಪಲ್ ಜಂಪ್ ಎರಡರಲ್ಲೂ ಆ ದೇಶದ ರಾಷ್ಟ್ರೀಯ ದಾಖಲೆ ಅವರ ಹೆಸರಿನಲ್ಲಿತ್ತು. 2002ರಲ್ಲಿ ಪೋರ್ಚುಗಲ್ ಪೌರತ್ವ ದೊರೆಯಿತು. ಮರುವರ್ಷವೇ ಫಿನ್ಲೆಂಡ್‌ನ ತಾಂಪೆರೆಯಲ್ಲಿ ನಡೆದ ಯುರೋಪಿಯನ್ ಜೂನಿಯರ್ ಕೂಟದಲ್ಲಿ ಅವರು ಹೊಸ ದೇಶಕ್ಕಾಗಿ ಈ ಎರಡೂ ಸ್ಪರ್ಧೆಗಳ ಚಿನ್ನ ಗೆದ್ದರು.

ಈ ಹಾದಿಯಲ್ಲಿ ಅವರು ಒಂಟಿಯೇನೂ ಆಗಿರಲಿಲ್ಲ. ನೈಜೀರಿಯಾದಲ್ಲಿ ಹುಟ್ಟಿ, ಪೋರ್ಚುಗಲ್‌ಗೆ ಬಂದು ಕಟ್ಟಡ ಕೆಲಸ ಮಾಡಿದ್ದ ಫ್ರಾನ್ಸಿಸ್ ಒಬಿಕ್ವೆಲು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟವನ್ನು 9.86 ಸೆಕೆಂಡುಗಳಲ್ಲಿ ಮುಗಿಸಿ ಬೆಳ್ಳಿ ತಂದರು. ಸಾವೊ ಟೊಮೆ ದ್ವೀಪದಲ್ಲಿ ಹುಟ್ಟಿ, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆ ದೇಶವನ್ನೇ ಪ್ರತಿನಿಧಿಸಿದ್ದ ನೈದ್ ಗೋಮೆಸ್ ನಂತರ ಪೋರ್ಚುಗಲ್ ಪರವಾಗಿ 2008ರ ವಿಶ್ವ ಒಳಾಂಗಣ ಕೂಟದಲ್ಲಿ ಲಾಂಗ್ ಜಂಪ್ ಚಿನ್ನ ಗೆದ್ದರು. ಹಳೆಯ ವಸಾಹತುಗಳಿಂದಲೂ ಆಫ್ರಿಕಾದ ಇತರ ಭಾಗಗಳಿಂದಲೂ ಬಂದವರ ಮಕ್ಕಳು ಪೋರ್ಚುಗಲ್ ಅಥ್ಲೆಟಿಕ್ಸ್‌ನ ಚಹರೆಯನ್ನೇ ಬದಲಿಸುತ್ತಿದ್ದ ಕಾಲವದು.

ಮೂರು ಜಿಗಿತ, ಒಂದೇ ವೇಗ

ಎವೊರಾ ಸಾಧನೆಯ ತೂಕ ತಿಳಿಯಬೇಕಾದರೆ ಟ್ರಿಪಲ್ ಜಂಪ್‌ನ ಒಳಗುಟ್ಟು ತಿಳಿದಿರಬೇಕು. ಹೆಸರೇ ಹೇಳುವಂತೆ ಇದರಲ್ಲಿ ಮೂರು ಹಂತ. ಸುಮಾರು 40 ಮೀಟರ್ ಓಡಿಬರುವ ಸ್ಪರ್ಧಿ ಹಲಗೆಯ ಮೇಲೆ ಒಂದು ಕಾಲೂರಿ ಚಿಮ್ಮುತ್ತಾನೆ ಮತ್ತು ಅದೇ ಕಾಲಿನ ಮೇಲೆ ಇಳಿಯುತ್ತಾನೆ. ಇದು ‘ಹಾಪ್’. ಆ ಕಾಲಿನಿಂದಲೇ ಮತ್ತೆ ಚಿಮ್ಮಿ ಇನ್ನೊಂದು ಕಾಲಿನ ಮೇಲೆ ಇಳಿಯುವುದು ‘ಸ್ಟೆಪ್’. ಆ ಎರಡನೆಯ ಕಾಲಿನಿಂದ ಚಿಮ್ಮಿ ಮರಳಿನ ಗುಂಡಿಗೆ ಬೀಳುವುದು ‘ಜಂಪ್’. ಪುರುಷರ ದೊಡ್ಡ ಕೂಟಗಳಲ್ಲಿ ಹಲಗೆಗೂ ಮರಳಿಗೂ ನಡುವೆ 13 ಮೀಟರ್ ಅಂತರವಿರುತ್ತದೆ. ಮೊದಲ ಎರಡು ಹಂತಗಳಲ್ಲಿ ಎಡವಿದವನು ಮರಳನ್ನೇ ಮುಟ್ಟಲಾರ.

ಮೊದಲ ಹಂತದಲ್ಲೇ ಎತ್ತರಕ್ಕೆ ಹಾರಿ ಹೆಚ್ಚು ದೂರ ಗಳಿಸುವ ಆಸೆ ಸಹಜ. ಆದರೆ ಎತ್ತರದಿಂದ ಇಳಿದಷ್ಟೂ ಕಾಲಿಗೆ ಬೀಳುವ ಪೆಟ್ಟು ಹೆಚ್ಚು, ಕಳೆದುಹೋಗುವ ವೇಗವೂ ಹೆಚ್ಚು. ಸೆಕೆಂಡಿಗೆ ಹತ್ತು ಮೀಟರ್‌ನ ಆಸುಪಾಸಿನ ವೇಗದಲ್ಲಿ ಬರುವ ದೇಹವನ್ನು ಒಂದೇ ಕಾಲು ತಡೆದು ಮತ್ತೆ ಮೇಲಕ್ಕೆ ಎಸೆಯಬೇಕು. ಪಾದ ನೆಲಕ್ಕೆ ತಾಗುವುದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಆ ಕ್ಷಣದಲ್ಲಿ ಕಾಲು ಹೊರುವ ಭಾರ ದೇಹತೂಕದ ಹತ್ತು ಪಟ್ಟಿಗೂ ಮಿಗಿಲು. ಹಾಗಾಗಿ ಒಳ್ಳೆಯ ಟ್ರಿಪಲ್ ಜಂಪರ್ ಎಂದರೆ ಅತಿ ಎತ್ತರಕ್ಕೆ ನೆಗೆಯುವವನಲ್ಲ, ಮೂರು ಹಂತಗಳ ನಡುವೆ ವೇಗವನ್ನು ಜಿಪುಣನಂತೆ ಕಾಪಾಡಿಕೊಳ್ಳುವವನು.

ಈ ಸ್ಪರ್ಧೆಯಲ್ಲಿ ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 1995ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಬರೆದ 18.29 ಮೀಟರ್ ವಿಶ್ವದಾಖಲೆ ಮೂವತ್ತು ವರ್ಷಗಳ ನಂತರ, 2025ರಲ್ಲೂ ಅಲುಗಾಡದೆ ನಿಂತಿತ್ತು. 17 ಮೀಟರ್ ದಾಟಿದವರು ಅಂತರರಾಷ್ಟ್ರೀಯ ಮಟ್ಟದವರು. 17.50 ದಾಟಿದವರು ಪದಕದ ಲೆಕ್ಕಕ್ಕೆ ಬರುತ್ತಾರೆ. ಹೋಲಿಕೆಗೆ ಹೇಳುವುದಾದರೆ, 2016ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕೂಟದಲ್ಲಿ ರಂಜಿತ್ ಮಾಹೇಶ್ವರಿ 17.30 ಮೀಟರ್ ಜಿಗಿದು ಭಾರತದ ರಾಷ್ಟ್ರೀಯ ದಾಖಲೆ ನಿರ್ಮಿಸಿ ರಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಿದ್ದರು. 2023ರಲ್ಲಿ ಪ್ರವೀಣ್ ಚಿತ್ರವೇಲ್ ಅದನ್ನು 17.37ಕ್ಕೆ ಏರಿಸಿದರು.

ಒಸಾಕಾ, ಬೀಜಿಂಗ್, ಬರ್ಲಿನ್

2004ರ ಅಥೆನ್ಸ್ ಎವೊರಾ ಅವರ ಮೊದಲ ಒಲಿಂಪಿಕ್ಸ್. ಇಪ್ಪತ್ತರ ಹರೆಯದ ಅವರು ಅರ್ಹತಾ ಸುತ್ತಿನಲ್ಲೇ ಬಹಳ ಕೆಳಗಿನ ಸ್ಥಾನ ಪಡೆದು ಮರಳಿದರು. ಮೂರೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 2007ರ ಆಗಸ್ಟ್‌ನಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು 17.74 ಮೀಟರ್ ಜಿಗಿದು ಬ್ರೆಜಿಲ್‌ನ ಜಾಡೆಲ್ ಗ್ರೆಗೊರಿಯೊ ಅವರನ್ನು ಹಿಂದಿಕ್ಕಿ ಚಿನ್ನ ಗೆದ್ದರು. ಅದು ಪೋರ್ಚುಗಲ್‌ನ ಹೊಸ ರಾಷ್ಟ್ರೀಯ ದಾಖಲೆ. ಎವೊರಾ ಅವರ ಬದುಕಿನ ಅತ್ಯುತ್ತಮ ಜಿಗಿತವೂ ಅದೇ ಆಗಿ ಉಳಿಯಿತು. ಹೊರಾಂಗಣ ವಿಶ್ವಕೂಟದಲ್ಲಿ ಆವರೆಗೆ ಆ ದೇಶ ಗೆದ್ದ ಚಿನ್ನಗಳೆಲ್ಲವೂ ಓಟದ ಸ್ಪರ್ಧೆಗಳಿಂದ ಬಂದಿದ್ದವು.

2008ರ ಮಾರ್ಚ್‌ನಲ್ಲಿ ವೆಲೆನ್ಸಿಯಾದ ವಿಶ್ವ ಒಳಾಂಗಣ ಕೂಟದಲ್ಲಿ ಇಡೊವು 17.75 ಮೀಟರ್ ಜಿಗಿದು ಗೆದ್ದಾಗ ಎವೊರಾ 17.27ರೊಂದಿಗೆ ಮೂರನೆಯವರಾಗಿದ್ದರು. ಆ ಲೆಕ್ಕದಲ್ಲಿ ಬೀಜಿಂಗ್‌ಗೆ ಹೋಗುವಾಗ ನೆಚ್ಚಿನ ಸ್ಪರ್ಧಿಯಾಗಿದ್ದವರು ಇಡೊವು. ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಪೋರ್ಚುಗಲ್ ತಂಡದ ಮುಂದೆ ಧ್ವಜ ಹಿಡಿದು ನಡೆದವರು ಎವೊರಾ. ಪೌರತ್ವ ದೊರೆತ ಆರನೆಯ ವರ್ಷಕ್ಕೆ ದೇಶ ತನ್ನ ಧ್ವಜವನ್ನು ಅವರ ಕೈಗೆ ಕೊಟ್ಟಿತ್ತು. ಕೂಟ ಮುಗಿಯುವಷ್ಟರಲ್ಲಿ ಅದೇ ಧ್ವಜವನ್ನು ಅವರು ವಿಜಯ ವೇದಿಕೆಯ ನಡುಗಂಬಕ್ಕೆ ಏರಿಸಿದ್ದರು.

2009ರಲ್ಲಿ ಬರ್ಲಿನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಡೊವು ಸೇಡು ತೀರಿಸಿಕೊಂಡರು. ಅವರದು 17.73, ಎವೊರಾ ಅವರದು 17.55. ಮೂರು ವರ್ಷಗಳಲ್ಲಿ ಎರಡು ಚಿನ್ನ, ಒಂದು ಬೆಳ್ಳಿ. ಎವೊರಾಗೆ ಆಗ ಇಪ್ಪತ್ತೈದು ವರ್ಷ. ಈ ಸ್ಪರ್ಧೆಯಲ್ಲಿ ಅದು ಏರುಹೊತ್ತಿನ ವಯಸ್ಸು. ಇನ್ನೂ ದೂರ ಜಿಗಿಯುವ ಕಾಲ ಮುಂದಿದೆ ಎಂದೇ ಎಲ್ಲರೂ ಭಾವಿಸಿದ್ದರು.

ಚಿನ್ನ ತಂದ ಕಾಲಿಗೇ ಪೆಟ್ಟು

2010ರ ಆರಂಭದಲ್ಲಿ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಗೆ, ಅಂದರೆ ಟಿಬಿಯಾಕ್ಕೆ ಪೆಟ್ಟಾಗಿ ಎವೊರಾ ಶಸ್ತ್ರಚಿಕಿತ್ಸೆಗೆ ಒಳಗಾದರು. ಆ ವರ್ಷದ ಬಾರ್ಸಿಲೋನಾ ಯುರೋಪಿಯನ್ ಕೂಟ ತಪ್ಪಿತು. 2011ರಲ್ಲಿ ಮರಳಿ ಬಂದು ಡೇಗು ವಿಶ್ವಕೂಟದಲ್ಲಿ 17.35 ಮೀಟರ್ ಜಿಗಿದು ಐದನೆಯ ಸ್ಥಾನ ಪಡೆದರು. 2012ರ ಜನವರಿಯಲ್ಲಿ ತರಬೇತಿಯ ವೇಳೆ ಮತ್ತೆ ಟಿಬಿಯಾ ಮುರಿಯಿತು. ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಉಳಿಸಿಕೊಳ್ಳಬೇಕಿದ್ದ ಚಾಂಪಿಯನ್ ಅದಕ್ಕೆ ಏಳು ತಿಂಗಳು ಮೊದಲೇ ಕಣದಿಂದ ಹೊರಬಿದ್ದರು.

ಟ್ರಿಪಲ್ ಜಂಪ್ ಪಟುಗಳಿಗೆ ಟಿಬಿಯಾ ಪೆಟ್ಟು ಆಕಸ್ಮಿಕವೆಂದು ಹೇಳಲಾಗದು. ಪ್ರತಿ ಜಿಗಿತದಲ್ಲೂ ದೇಹತೂಕದ ಹಲವು ಪಟ್ಟು ಭಾರ ಹೊರುವ ಮೂಳೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ವಿಶ್ರಾಂತಿ ಸಿಕ್ಕರೆ ಮೂಳೆ ಅವುಗಳನ್ನು ತಾನೇ ಬೆಸೆದುಕೊಳ್ಳುತ್ತದೆ. ಬೆಸೆಯುವ ವೇಗಕ್ಕಿಂತ ಬಿರುಕಿನ ವೇಗ ಹೆಚ್ಚಾದರೆ ಒಂದು ದಿನ ಮೂಳೆ ಸೋಲುತ್ತದೆ. ಇಡೀ ವರ್ಷ ಕೂಟದಿಂದ ಕೂಟಕ್ಕೆ ಸಾಗುವ ಸ್ಪರ್ಧಿಗೆ ಆ ವಿಶ್ರಾಂತಿಯೇ ದುಬಾರಿ ವಸ್ತು. ಬೆಸೆದುಕೊಂಡ ಮೂಳೆ ಭಾರ ಹೊರಲು ಸಿದ್ಧವಾದರೂ ಅದರ ಮೇಲೆ ನಂಬಿಕೆಯಿಟ್ಟು ಪೂರ್ತಿ ವೇಗದಲ್ಲಿ ಹಲಗೆಯತ್ತ ಓಡಿಬರಲು ಮನಸ್ಸಿಗೆ ಇನ್ನಷ್ಟು ಕಾಲ ಬೇಕು.

ಎರಡನೆಯ ಸರದಿ

ಅನೇಕರ ಕ್ರೀಡಾಬದುಕು ಇಂಥ ಕಡೆ ಮುಗಿಯುತ್ತದೆ. ಎವೊರಾ ವಿಷಯದಲ್ಲಿ ಹಾಗಾಗಲಿಲ್ಲ. 2015ರ ಮಾರ್ಚ್‌ನಲ್ಲಿ ಪ್ರಾಗ್‌ನ ಯುರೋಪಿಯನ್ ಒಳಾಂಗಣ ಕೂಟದಲ್ಲಿ 17.21 ಮೀಟರ್ ಜಿಗಿದು ಅವರು ಚಿನ್ನ ಗೆದ್ದರು. ಅದೇ ಆಗಸ್ಟ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಬೀಜಿಂಗ್‌ನಲ್ಲಿ, ಏಳು ವರ್ಷಗಳ ಹಿಂದೆ ಅವರು ಒಲಿಂಪಿಕ್ ಚಾಂಪಿಯನ್ ಆದ ಅದೇ ‘ಹಕ್ಕಿಗೂಡಿ’ನಲ್ಲಿ. ಈ ನಡುವೆ ಸ್ಪರ್ಧೆಯ ಮಟ್ಟ ಮೇಲೇರಿತ್ತು. ಅಮೆರಿಕದ ಕ್ರಿಸ್ಟಿಯನ್ ಟೇಲರ್ ಅಂದು 18.21 ಮೀಟರ್ ದಾಟಿ ವಿಶ್ವದಾಖಲೆಯ ಸಮೀಪಕ್ಕೆ ಹೋದರು. ಕ್ಯೂಬಾದ ಪೆಡ್ರೊ ಪಾಬ್ಲೊ ಪಿಚಾರ್ಡೊ 17.73ರೊಂದಿಗೆ ಬೆಳ್ಳಿ ಗೆದ್ದರು. ಎವೊರಾ ಕೊನೆಯ ಸುತ್ತಿನಲ್ಲಿ 17.52 ಜಿಗಿದು ಕಂಚು ತಮ್ಮದಾಗಿಸಿಕೊಂಡರು. ಪಿಚಾರ್ಡೊ ಎಂಬ ಹೆಸರು ಮುಂದೆ ಎವೊರಾ ಬದುಕಿನೊಳಗೆ ಬೇರೆಯದೇ ರೀತಿಯಲ್ಲಿ ಪ್ರವೇಶಿಸಲಿತ್ತು.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಎವೊರಾ ಆರನೆಯವರಾದರು. ಆ ವರ್ಷ ಅವರು ಎರಡು ದೊಡ್ಡ ನಿರ್ಧಾರ ಕೈಗೊಂಡರು. ಲಿಸ್ಬನ್‌ನ ಬೆನ್‌ಫಿಕಾ ಕ್ಲಬ್ ಬಿಟ್ಟು ಅದರ ಸಾಂಪ್ರದಾಯಿಕ ಎದುರಾಳಿ ಸ್ಪೋರ್ಟಿಂಗ್ ಸೇರಿದ್ದು ಒಂದು. ಬಾಲ್ಯದ ಗುರು ಗಾನ್ಸೊ ಅವರಿಂದ ಬೇರೆಯಾಗಿ, ಕ್ಯೂಬಾದ ಮಾಜಿ ಲಾಂಗ್ ಜಂಪ್ ಒಲಿಂಪಿಕ್ ಚಾಂಪಿಯನ್ ಇವಾನ್ ಪೆಡ್ರೊಸೊ ಬಳಿ ತರಬೇತಿಗೆ ಸ್ಪೇನ್‌ಗೆ ಹೋದದ್ದು ಇನ್ನೊಂದು. ಪೋರ್ಚುಗಲ್‌ನಲ್ಲಿ ಫುಟ್‌ಬಾಲ್‌ಗೆ ಹೆಸರಾದ ದೊಡ್ಡ ಕ್ಲಬ್‌ಗಳೇ ಅಥ್ಲೀಟ್‌ಗಳನ್ನೂ ಸಾಕುತ್ತವೆ. ಹಾಗಾಗಿ ಅಥ್ಲೀಟ್ ಕ್ಲಬ್ ಬದಲಿಸಿದರೆ ಅಭಿಮಾನಿಗಳಲ್ಲಿ ಏಳುವ ಬಿಸಿ ಫುಟ್‌ಬಾಲ್ ಆಟಗಾರನ ವರ್ಗಾವಣೆಗಿಂತ ಕಡಿಮೆಯಿರುವುದಿಲ್ಲ.

ಮೂವತ್ತೆರಡು ದಾಟಿದ ಮೇಲಿನ ಈ ಬದಲಾವಣೆ ಫಲ ಕೊಟ್ಟಿತು. 2017ರಲ್ಲಿ ಬೆಲ್‌ಗ್ರೇಡ್‌ನ ಯುರೋಪಿಯನ್ ಒಳಾಂಗಣ ಕೂಟದಲ್ಲಿ 17.20 ಜಿಗಿದು ಚಿನ್ನ ಉಳಿಸಿಕೊಂಡರು. ಅದೇ ವರ್ಷ ಲಂಡನ್ ವಿಶ್ವಕೂಟದಲ್ಲಿ ಕಂಚು. 2018ರ ಮಾರ್ಚ್‌ನಲ್ಲಿ ಬರ್ಮಿಂಗ್‌ಹ್ಯಾಂನ ವಿಶ್ವ ಒಳಾಂಗಣ ಕೂಟದಲ್ಲಿ ಅಮೆರಿಕದ ವಿಲ್ ಕ್ಲೇ 17.43, ಬ್ರೆಜಿಲ್‌ನ ಅಲ್ಮೀರ್ ಡೋಸ್ ಸಾಂಟೋಸ್ 17.41, ಎವೊರಾ 17.40. ಚಿನ್ನಕ್ಕೂ ಕಂಚಿಗೂ ನಡುವೆ ಇದ್ದದ್ದು ಮೂರೇ ಸೆಂಟಿಮೀಟರ್. ಅದೇ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ 17.10 ಮೀಟರ್ ಜಿಗಿದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಬಾರಿ ಹೊರಾಂಗಣ ಯುರೋಪಿಯನ್ ಚಾಂಪಿಯನ್ ಆದರು. ವಿಶ್ವಕೂಟ ಗೆದ್ದ ಹನ್ನೊಂದು ವರ್ಷಗಳ ಮೇಲೆ, ಒಲಿಂಪಿಕ್ಸ್ ಗೆದ್ದ ಹತ್ತು ವರ್ಷಗಳ ಮೇಲೆ ಯುರೋಪಿನ ಕಿರೀಟ ಬಂದಿತ್ತು.

ಮೊದಲ ಸರದಿಯ ಎವೊರಾ 17.74 ಜಿಗಿದವರು. ಎರಡನೆಯ ಸರದಿಯ ಎವೊರಾ ಆ ದೂರವನ್ನು ಮತ್ತೆ ಮುಟ್ಟಲಿಲ್ಲ. ಆದರೂ 2015ರಿಂದ 2018ರವರೆಗೆ ಮೂರು ಯುರೋಪಿಯನ್ ಚಿನ್ನ ಮತ್ತು ಮೂರು ವಿಶ್ವ ಮಟ್ಟದ ಕಂಚು ಅವರ ಪಾಲಾದವು. ಕಾಲಿನ ಬಲ ತಗ್ಗಿದಾಗ ಅನುಭವ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಈ ನಾಲ್ಕು ವರ್ಷಗಳು ಸಾಕ್ಷಿ.

ಪಿಚಾರ್ಡೊ ಆಗಮನ

2018ರ ಬರ್ಲಿನ್ ಫೈನಲ್‌ನಲ್ಲಿ ಒಬ್ಬ ಸ್ಪರ್ಧಿ ಇರಲಿಲ್ಲ. ಆ ವರ್ಷದ ಮೇ ತಿಂಗಳಲ್ಲೇ ದೋಹಾದಲ್ಲಿ 17.95 ಮೀಟರ್ ಜಿಗಿದು ಎವೊರಾ ಅವರ ಹನ್ನೊಂದು ವರ್ಷ ಹಳೆಯ ಪೋರ್ಚುಗಲ್ ದಾಖಲೆಯನ್ನು ಅಳಿಸಿದ್ದ ಪಿಚಾರ್ಡೊ ಅವರೇ ಆ ಸ್ಪರ್ಧಿ.

ಸಾಂಟಿಯಾಗೊ ಡಿ ಕ್ಯೂಬಾದಲ್ಲಿ 1993ರಲ್ಲಿ ಹುಟ್ಟಿದ ಪಿಚಾರ್ಡೊ 2013 ಮತ್ತು 2015ರ ವಿಶ್ವಕೂಟಗಳಲ್ಲಿ ಕ್ಯೂಬಾಕ್ಕೆ ಬೆಳ್ಳಿ ತಂದವರು. 2015ರಲ್ಲಿ ಹವಾನಾದಲ್ಲಿ 18.08 ಮೀಟರ್ ಜಿಗಿದು 18 ಮೀಟರ್ ಗಡಿ ದಾಟಿದ ಬೆರಳೆಣಿಕೆಯವರ ಸಾಲಿಗೆ ಸೇರಿದರು. 2017ರ ಏಪ್ರಿಲ್‌ನಲ್ಲಿ ಜರ್ಮನಿಯಲ್ಲಿ ತರಬೇತಿಯಲ್ಲಿದ್ದಾಗ ಕ್ಯೂಬಾ ತಂಡವನ್ನು ತೊರೆದು ಬೆನ್‌ಫಿಕಾ ಸೇರಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೋರ್ಚುಗಲ್ ಪೌರತ್ವ ದೊರೆಯಿತು. ಆದರೆ ಪೌರತ್ವ ಒಂದು, ಸ್ಪರ್ಧಿಸುವ ಹಕ್ಕು ಇನ್ನೊಂದು. ದೇಶ ಬದಲಿಸುವ ಅಥ್ಲೀಟ್‌ಗಳ ಸಂಖ್ಯೆ ಮಿತಿ ಮೀರಿತೆಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ 2017ರ ಫೆಬ್ರವರಿಯಲ್ಲಿ ಇಂಥ ವರ್ಗಾವಣೆಗಳನ್ನೇ ತಡೆಹಿಡಿದಿತ್ತು. 2018ರಲ್ಲಿ ತಡೆ ತೆರವಾದಾಗ ಮೂರು ವರ್ಷಗಳ ಕಾಯುವಿಕೆಯ ಷರತ್ತು ಬಂದಿತು. ಪಿಚಾರ್ಡೊ ಪೋರ್ಚುಗಲ್ ಅಂಗಿ ತೊಟ್ಟು ದೊಡ್ಡ ಕೂಟಗಳಿಗೆ ಇಳಿಯಲು 2019ರ ಆಗಸ್ಟ್‌ವರೆಗೆ ಕಾಯಬೇಕಾಯಿತು.

ಟೋಕಿಯೊ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಪೋರ್ಚುಗಲ್ ಧ್ವಜ ಹಿಡಿದ ಇಬ್ಬರಲ್ಲಿ ಎವೊರಾ ಒಬ್ಬರು, ಜುಡೊ ಪಟು ಟೆಲ್ಮಾ ಮೊಂಟೇರೊ ಇನ್ನೊಬ್ಬರು. ಮೂವತ್ತೇಳರ ಎವೊರಾ ಅರ್ಹತಾ ಸುತ್ತಿನಲ್ಲಿ ಗಾಯದ ನಡುವೆ 15.39 ಮೀಟರ್‌ಗೇ ನಿಂತುಬಿಟ್ಟರು. ಎರಡು ದಿನಗಳ ನಂತರ ಪಿಚಾರ್ಡೊ 17.98 ಮೀಟರ್ ಜಿಗಿದು ಪೋರ್ಚುಗಲ್‌ಗೆ ಐದನೆಯ ಒಲಿಂಪಿಕ್ಸ್ ಚಿನ್ನ ತಂದರು. ಅಂಗೋಲಾ ಮೂಲದ ತಂದೆತಾಯಿಗಳ ಮಗಳಾಗಿ ಲಿಸ್ಬನ್‌ನಲ್ಲಿ ಹುಟ್ಟಿದ ಪಾಟ್ರಿಸಿಯಾ ಮಮೋನಾ ಅದೇ ಕೂಟದಲ್ಲಿ ಮಹಿಳೆಯರ ಟ್ರಿಪಲ್ ಜಂಪ್ ಬೆಳ್ಳಿ ಗೆದ್ದರು. ಒಂದು ಕಾಲಕ್ಕೆ ದೂರದ ಓಟಕ್ಕಷ್ಟೇ ಹೆಸರಾಗಿದ್ದ ದೇಶ ಟ್ರಿಪಲ್ ಜಂಪ್‌ನ ತವರಾಗಿ ಮಾರ್ಪಟ್ಟಿತ್ತು.

ಚಿನ್ನ ಯಾರದು?

ಪಿಚಾರ್ಡೊಗೆ ಪೌರತ್ವ ಇಷ್ಟು ಬೇಗ ದೊರೆತ ಬಗೆಯನ್ನು ಎವೊರಾ ಬಹಿರಂಗವಾಗಿಯೇ ಟೀಕಿಸಿದರು. ಪಿಚಾರ್ಡೊ ಕೂಡ ಸುಮ್ಮನಿರಲಿಲ್ಲ. ಒಂದೇ ದೇಶದ ಇಬ್ಬರು ಒಲಿಂಪಿಕ್ ಚಾಂಪಿಯನ್‌ಗಳ ನಡುವಿನ ಈ ಮುನಿಸು ಪೋರ್ಚುಗಲ್ ಪತ್ರಿಕೆಗಳಿಗೆ ಸಾಕಷ್ಟು ಆಹಾರ ಒದಗಿಸಿತು. ದಾಖಲೆ ಕಳೆದುಕೊಂಡವರ ಅಸೂಯೆ ಎಂದು ಕೆಲವರು ಅಂದರು. ತಾನೂ ಹೊರಗಿನಿಂದ ಬಂದು ಇನ್ನೊಬ್ಬನಿಗೆ ಬಾಗಿಲು ಮುಚ್ಚಬೇಕೆನ್ನುವುದು ಸರಿಯೇ ಎಂದು ಕೇಳುವುದೂ ಸುಲಭ.

ವಿಷಯ ಅಷ್ಟು ಸರಳವಲ್ಲ. ಎವೊರಾ ವಾದದಲ್ಲಿ ತಿರುಳಿದೆ. ಲಿಸ್ಬನ್ ಉಪನಗರಗಳಲ್ಲಿ ಬೆಳೆದ ಸಾವಿರಾರು ವಲಸಿಗರ ಮಕ್ಕಳು ಪೌರತ್ವದ ಕಾಗದಕ್ಕಾಗಿ ವರ್ಷಗಟ್ಟಲೆ ಕಾದಿದ್ದಾರೆ. ಸ್ವತಃ ಎವೊರಾ ತಮ್ಮ ಬಾಲ್ಯವಿಡೀ ಕಾದವರು. ಪದಕದ ಭರವಸೆಯಿರುವವನಿಗೆ ತಿಂಗಳುಗಳಲ್ಲಿ ತೆರೆಯುವ ಬಾಗಿಲು, ಅದೇ ಮಣ್ಣಿನಲ್ಲಿ ಬೆಳೆದ ಸಾಮಾನ್ಯನಿಗೆ ವರ್ಷಗಳ ಕಾಲ ಮುಚ್ಚಿಯೇ ಇದ್ದರೆ ಪೌರತ್ವಕ್ಕೆ ಬೆಲೆ ಕಟ್ಟಿದಂತಾಗುತ್ತದೆ. ಪಿಚಾರ್ಡೊ ಪರವಾಗಿಯೂ ಹೇಳಬೇಕಾದದ್ದಿದೆ. ತಂಡ ತೊರೆದ ಕ್ರೀಡಾಪಟುವನ್ನು ಕ್ಯೂಬಾ ಮತ್ತೆ ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಿಂದಿರುಗುವ ದಾರಿಯನ್ನು ಕಳೆದುಕೊಂಡೇ ಅವರು ಹೊರಟದ್ದು. ಬಂದ ಮೇಲೆ ಪೋರ್ಚುಗಲ್ ಹೆಸರಿನಲ್ಲಿ ವರ್ಷಗಳ ಕಾಲ ನಿರಂತರವಾಗಿ ಸ್ಪರ್ಧಿಸಿದ್ದಾರೆ. 2022ರಲ್ಲಿ ಯೂಜೀನ್‌ನಲ್ಲೂ 2025ರಲ್ಲಿ ಟೋಕಿಯೊದಲ್ಲೂ ವಿಶ್ವ ಪ್ರಶಸ್ತಿ ಗೆದ್ದಿದ್ದಾರೆ. ಕಾನೂನಿನ ಪ್ರಕಾರ ಇಬ್ಬರೂ ಸಮಾನ ಪೌರರು.

2024ರ ಪ್ಯಾರಿಸ್ ಒಲಿಂಪಿಕ್ಸ್ ಈ ಪ್ರಶ್ನೆಯನ್ನು ಪೋರ್ಚುಗಲ್‌ನ ಗಡಿ ದಾಟಿಸಿತು. ಅಲ್ಲಿ ಸ್ಪೇನ್‌ನ ಜೋರ್ಡಾನ್ ಡಿಯಾಜ್ 17.86 ಮೀಟರ್ ಜಿಗಿದು ಚಿನ್ನ ಗೆದ್ದರು. ಪಿಚಾರ್ಡೊ 17.84 ಮೀಟರ್‌ನೊಂದಿಗೆ ಎರಡೇ ಸೆಂಟಿಮೀಟರ್ ಅಂತರದಲ್ಲಿ ಬೆಳ್ಳಿಗೆ ಇಳಿದರು. ಕಂಚು ಇಟಲಿಯ ಆ್ಯಂಡಿ ಡಿಯಾಜ್ ಪಾಲಾಯಿತು. ಮೂರು ಬೇರೆ ಬೇರೆ ಧ್ವಜಗಳ ಕೆಳಗೆ ನಿಂತ ಈ ಮೂವರೂ ಹುಟ್ಟಿ, ಜಿಗಿಯಲು ಕಲಿತದ್ದು ಕ್ಯೂಬಾದಲ್ಲಿ. ಅವರನ್ನು ರೂಪಿಸಿದ ಕ್ಯೂಬಾಕ್ಕೆ ಆ ಸ್ಪರ್ಧೆಯಲ್ಲಿ ಪದಕ ದಕ್ಕಲಿಲ್ಲ. ಒಂದು ದೇಶ ಬಿತ್ತಿ ಬೆಳೆಸಿದ್ದನ್ನು ಇನ್ನೊಂದು ದೇಶ ಕೊಯ್ಲು ಮಾಡಿಕೊಂಡಿತು ಎಂಬ ಆಕ್ಷೇಪಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರ ಸಿಗಲಾರದು. ದೇಶ ತೊರೆಯುವ ಸ್ವಾತಂತ್ರ್ಯ ಕ್ರೀಡಾಪಟುವಿಗೂ ಉಂಟು ಎಂಬ ಉತ್ತರಕ್ಕೂ ಇದೇ ಚಿತ್ರ ಸಾಕ್ಷಿ.

ಇದೇ ಪ್ಯಾರಿಸ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಬಾಕ್ಸಿಂಗ್‌ನಲ್ಲಿ ಡೇನಿಯಲ್ ವರೆಲಾ ಡಿ ಪಿನಾ ಗೆದ್ದ ಕಂಚು ಕೇಪ್ ವರ್ಡ್ ಪಾಲಿಗೆ ಒಲಿಂಪಿಕ್ಸ್ ಇತಿಹಾಸದ ಮೊದಲ ಪದಕವಾಯಿತು. 2002ರಲ್ಲಿ ಎವೊರಾ ಕೇಪ್ ವರ್ಡ್ ಹೆಸರಿನಲ್ಲೇ ಉಳಿದಿದ್ದರೆ ಆ ಪುಟ್ಟ ದೇಶ ಹದಿನಾರು ವರ್ಷ ಮೊದಲೇ ಚಿನ್ನವನ್ನು ಕಾಣುತ್ತಿತ್ತೆಂದು ಲೆಕ್ಕ ಹಾಕುವವರೂ ಇರಬಹುದು. ಆ ಲೆಕ್ಕ ಪೂರ್ತಿ ಸರಿಯಲ್ಲ. ಎವೊರಾ ಅವರ ಜಿಗಿತವನ್ನು ತಿದ್ದಿದ ಗುರು, ಓಡಿದ ಟ್ರ್ಯಾಕು, ಮೂಳೆ ಬೆಸೆದ ಆಸ್ಪತ್ರೆ, ಸಂಬಳ ಕೊಟ್ಟ ಕ್ಲಬ್ ಎಲ್ಲವೂ ಪೋರ್ಚುಗಲ್‌ನವು. ಅವರ ಚಿನ್ನದಲ್ಲಿ ಕೇಪ್ ವರ್ಡ್‌ನ ರಕ್ತವೂ ಒಡಿವೆಲಾಸ್‌ನ ನೆರೆಹೊರೆಯೂ ಬೇರ್ಪಡಿಸಲಾಗದಂತೆ ಬೆರೆತಿವೆ.

ಎವೊರಾ ಮತ್ತು ಪಿಚಾರ್ಡೊ ಇಬ್ಬರನ್ನೂ ತನ್ನವರೆಂದು ಕರೆದ ಪೋರ್ಚುಗಲ್ ಪದಕ ಪಟ್ಟಿಯಲ್ಲಿ ಅವರ ನಡುವೆ ಭೇದ ಮಾಡಿಲ್ಲ, ಮಾಡುವ ಅಗತ್ಯವೂ ಇಲ್ಲ. ಆದರೆ ಇಬ್ಬರ ಕತೆಗಳು ಆ ದೇಶಕ್ಕೆ ಹೇಳುವ ಮಾತು ಬೇರೆ ಬೇರೆ. ಸಿದ್ಧಗೊಂಡ ಚಾಂಪಿಯನ್‌ನನ್ನು ಗುರುತಿಸಲು ಅಳತೆಪಟ್ಟಿ ಸಾಕು. ಕಾಗದಪತ್ರವಿಲ್ಲದ ವಲಸಿಗರ ಮನೆಯ ಹುಡುಗನಲ್ಲಿ ಚಾಂಪಿಯನ್‌ನನ್ನು ಗುರುತಿಸಲು ಅದೇ ಕಟ್ಟಡದಲ್ಲಿ ವಾಸಿಸುವ, ಕಣ್ಣು ತೆರೆದಿರುವ ಒಬ್ಬ ಗಾನ್ಸೊ ಬೇಕಾಗುತ್ತಾರೆ. 17.67 ಮೀಟರ್ ದೂರದ ಆ ಜಿಗಿತ ಆರಂಭವಾದದ್ದು ಬೀಜಿಂಗ್‌ನ ಹಲಗೆಯ ಮೇಲಲ್ಲ, ಒಡಿವೆಲಾಸ್‌ನ ಆ ಕಟ್ಟಡದಲ್ಲಿ.